ಕೇಬಲ್ ತೆಗೆಸಬೇಕು ಅಂತಿದ್ದೇನೆ, ಅಮ್ಮ ಒಪ್ಪುತ್ತಿಲ್ಲ. ಸ್ಟಿಕ್ ಹಾಕಿದರೆ ನಡೆಯುತ್ತದಾ?

ಎರಡು ರಿಮೋಟ್:
ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಸರ ಮಾಡ್ಕೋಬೇಡಿ.

ಮನೆಯಲ್ಲಿ ಎರಡು ಟಿವಿ. ಹಾಲ್‌ನಲ್ಲಿರುವುದು ಮೂರು ವರ್ಷದ ಸ್ಮಾರ್ಟ್ ಟಿವಿ. ಅಮ್ಮನ ಕೋಣೆಯಲ್ಲಿರುವುದಕ್ಕೆ ಹನ್ನೆರಡು ವರ್ಷ ಆಯಿತು. ಬಾಕ್ಸಿನ ತಂತಿ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿ ಇದೆ, ಇಂಟರ್ನೆಟ್ ಇಲ್ಲ. ಎರಡಕ್ಕೂ ಒಂದೊಂದು ಸೆಟ್‌ಟಾಪ್ ಬಾಕ್ಸ್. ಹಾಲ್‌ನ ಬಾಕ್ಸ್ ಆನ್ ಮಾಡಿ ಎಷ್ಟು ತಿಂಗಳಾಯಿತೋ ನೆನಪಿಲ್ಲ. ನಾನು, ಹೆಂಡತಿ, ಮಗಳು ಎಲ್ಲರೂ ಆ್ಯಪ್‌ಗಳಲ್ಲೇ ನೋಡುವುದು. ಆದರೂ ತಿಂಗಳಿಗೆ ಸರಿಯಾಗಿ ಎರಡು ಬಾಕ್ಸಿಗೂ ದುಡ್ಡು ಕಟ್ಟುತ್ತಿದ್ದೇವೆ.

ಅಮ್ಮ ಮಾತ್ರ ಕೇಬಲ್ ಬಿಡಲ್ಲ. ಬೆಳಿಗ್ಗೆ ಎದ್ದವರೇ ರಿಮೋಟ್‌ನ ಕೆಂಪು ಗುಂಡಿ ಒತ್ತುತ್ತಾರೆ. ರಾತ್ರಿ ಮಲಗುವಾಗ ಆಫ್. ನಡುವೆ ನೋಡುತ್ತಾರೋ ಇಲ್ಲವೋ, ಅದು ಓಡುತ್ತಿರಬೇಕು. "ಅದು ಇದ್ದರೆ ಮನೇಲಿ ಯಾರೋ ಇದ್ದಂಗೆ" ಅನ್ನುತ್ತಾರೆ.

ಎಚ್‌ಡಿಎಂಐಗೆ ಸಿಕ್ಕಿಸಿದರೆ ಟಿವಿಯಲ್ಲಿ ಆ್ಯಪ್ ಬರುತ್ತದಲ್ಲ, ಆ ಸ್ಟಿಕ್‌ಗಳಲ್ಲಿ ಹಳೇ ಟಿವಿಗೆ ಯಾವುದು ತೆಗೆದುಕೊಳ್ಳಲಿ? ಇಂಟರ್ನೆಟ್ 50 ಎಂಬಿಪಿಎಸ್ ಇದೆ, ಸಾಕಾ? ಯಾವುದೋ ಬಾಕ್ಸ್ ಕಣ್ಣಿಗೆ ಬಿತ್ತು, ಒಂದು ಸಲ ಕೊಂಡರೆ ಸಾವಿರಾರು ಚಾನೆಲ್ ಜೀವನಪೂರ್ತಿ ಫ್ರೀ ಅಂತೆ. ಅದು ಹೇಗೆ?

ಬಫರಿಂಗ್ ಭೂತ:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಡ. ಖಂಡಿತ ಬೇಡ.

ಒಂದು ವಾರ ಏನನ್ನೂ ಕೊಳ್ಳಬೇಡಿ. ಒಂದು ಚೀಟಿ ತೆಗೆದುಕೊಂಡು ಅಮ್ಮ ಯಾವ ಚಾನೆಲ್ ನೋಡುತ್ತಾರೆ, ಎಷ್ಟು ಹೊತ್ತಿಗೆ, ಬರೆದಿಡಿ. ಮುನ್ನೂರು ಚಾನೆಲ್ ಇದೆ ಅಂತ ನಾವು ಅಂದುಕೊಂಡಿರುತ್ತೇವೆ. ನೋಡುವುದು ಐದೋ ಆರೋ. ಆ ಐದಾರು ಇಂಟರ್ನೆಟ್‌ನಲ್ಲಿ ಲೈವ್ ಆಗಿ ಸಿಗುತ್ತವಾ ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ. ಸ್ಟಿಕ್ ಯಾವುದು ಅನ್ನುವುದು ಆಮೇಲಿನ ಮಾತು.

ಮೂರನೇ ಎಚ್‌ಡಿಎಂಐ:
ಭೂತದವರು ಹೇಳಿದ್ದು ಸರಿ. ಆ "ಜೀವನಪೂರ್ತಿ ಫ್ರೀ" ಬಾಕ್ಸ್ ಬಗ್ಗೆ ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದರಲ್ಲಿ ತುಂಬಾ ಜನ ಬೀಳುತ್ತಾರೆ.

ಆ ಬಾಕ್ಸ್‌ಗಳಲ್ಲಿ ಇರುವುದು ಆಂಡ್ರಾಯ್ಡ್ ನಿಜ. ಆದರೆ ಟಿವಿಗೆ ಅಂತ ಗೂಗಲ್ ಪರೀಕ್ಷೆ ಮಾಡಿ ಒಪ್ಪಿದ ಆಂಡ್ರಾಯ್ಡ್ ಟಿವಿ ಅಲ್ಲ. ಫೋನಿನ ಆಂಡ್ರಾಯ್ಡನ್ನೇ ಎಳೆದು ದೊಡ್ಡದು ಮಾಡಿರುತ್ತಾರೆ. ಇದರಿಂದ ಎರಡು ತೊಂದರೆ.

ಒಂದು, ಚಿತ್ರ. ಸಿನಿಮಾ ಸೇವೆಗಳು ಕಳ್ಳತನ ತಡೆಯಲು ವೈಡ್‌ವೈನ್ ಅನ್ನುವ ಬೀಗ ಬಳಸುತ್ತವೆ. ಅದರಲ್ಲಿ ಎಲ್1, ಎಲ್3 ಅಂತ ಹಂತಗಳಿವೆ. ಎಲ್1 ಇಲ್ಲದ ಸಾಧನಕ್ಕೆ ನೆಟ್‌ಫ್ಲಿಕ್ಸ್‌ನಂಥವು ಎಚ್‌ಡಿ ಕೊಡುವುದೇ ಇಲ್ಲ. ಡಬ್ಬದ ಮೇಲೆ 4ಕೆ, 8ಕೆ ಅಂತ ಬರೆದಿರುತ್ತದೆ. ತೆರೆ ಮೇಲೆ ಬರುವುದು ಮಸುಕು ಮಸುಕು.

ಎರಡನೆಯದು ಇನ್ನೂ ಕೆಟ್ಟದ್ದು. 2023ರಲ್ಲಿ ಬ್ಯಾಡ್‌ಬಾಕ್ಸ್ ಅನ್ನುವ ಹೆಸರಿನಲ್ಲಿ ಒಂದು ವಿಷಯ ಹೊರಗೆ ಬಂತು. ಇಂಥ ಅಗ್ಗದ ಬಾಕ್ಸ್‌ಗಳು ಕಾರ್ಖಾನೆಯಿಂದ ಗಿರಾಕಿಯ ಕೈಗೆ ಬರುವಷ್ಟರಲ್ಲೇ ಒಳಗೆ ಕಳ್ಳ ಸಾಫ್ಟ್‌ವೇರ್ ಸೇರಿತ್ತು. 2024ರ ಡಿಸೆಂಬರ್‌ನಲ್ಲಿ ಜರ್ಮನಿಯ ಸೈಬರ್ ಭದ್ರತಾ ಇಲಾಖೆ ಅಲ್ಲಿನ ಸುಮಾರು 30,000 ಸಾಧನಗಳಿಗೆ ಕಳ್ಳರ ಸರ್ವರ್ ಜೊತೆ ಇದ್ದ ಸಂಪರ್ಕ ಕಡಿಯಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಜನರಿಗೆ ಎಚ್ಚರಿಕೆ ಕೊಟ್ಟಿತು. ನಿಮ್ಮ ಮನೆಯ ಇಂಟರ್ನೆಟ್ ಹೆಸರಲ್ಲಿ ಬೇರೆ ಯಾರೋ ಏನೇನೋ ಮಾಡುತ್ತಿರುತ್ತಾರೆ. ನಿಮಗೆ ಸೀರಿಯಲ್ ಮಾತ್ರ ಕಾಣುತ್ತಿರುತ್ತದೆ.

ಎರಡು ರಿಮೋಟ್:
ಅಯ್ಯೋ. ಕಾರ್ಟ್‌ನಲ್ಲಿ ಹಾಕಿಟ್ಟಿದ್ದೆ, ಈಗಲೇ ತೆಗೆದೆ. ಚೀಟಿ ಬರೆಯಲು ಮಗಳಿಗೆ ಹೇಳಿದ್ದೇನೆ. ಅಜ್ಜಿ ಮೇಲೆ ಪತ್ತೇದಾರಿಕೆ ಅಂತ ಅವಳಿಗೆ ಖುಷಿಯೋ ಖುಷಿ.

ನೂರರ ಮೇಲೆ:
50 ಎಂಬಿಪಿಎಸ್ ಸಾಕಾಗಲ್ಲ ಸರ್. 4ಕೆ ನೋಡಲು ಕನಿಷ್ಠ 100 ಬೇಕು. ಎರಡು ಟಿವಿ ಅಂದರೆ 200 ಹಾಕಿಸಿ.

ಬಫರಿಂಗ್ ಭೂತ:
ಯಾರು ಹೇಳಿದ್ದು ನಿಮಗೆ? ಇಂಟರ್ನೆಟ್ ಮಾರುವವರಾ?

ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕ ನೋಡಿ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15. ಎರಡು ಟಿವಿಯಲ್ಲೂ ಒಟ್ಟಿಗೆ 4ಕೆ ಓಡಿದರೂ 30. ಹಳೇ ಟಿವಿಯಲ್ಲಂತೂ 4ಕೆ ಬರುವುದೇ ಇಲ್ಲ. 50 ಧಾರಾಳ ಆಯಿತು.

ಕೈಕೊಡುವುದು ಮನೆಗೆ ಬರುವ ವೇಗ ಅಲ್ಲ. ರೂಟರ್‌ನಿಂದ ಟಿವಿ ಹಿಂಭಾಗದ ತನಕ ತಲುಪುವ ವೇಗ. ಅಲ್ಲೇ ನೂರಕ್ಕೆ ತೊಂಬತ್ತು ಜನ ಎಡವುವುದು. (ನೂರಕ್ಕೆ ತೊಂಬತ್ತು ಅನ್ನುವುದು ನನ್ನ ಅಂದಾಜು, ಲೆಕ್ಕ ಕೇಳಬೇಡಿ.)

ನೂರರ ಮೇಲೆ:
ಸರಿ ಸರಿ, ಕೋಪ ಬೇಡ. ನಮ್ಮ ಮನೆಯಲ್ಲಿ 40 ಇದ್ದಾಗ ಸುತ್ತುತ್ತಲೇ ಇತ್ತು, 100 ಹಾಕಿಸಿದ ಮೇಲೆ ನಿಂತಿತು. ಅದಕ್ಕೆ ಹೇಳಿದೆ.

ಬಫರಿಂಗ್ ಭೂತ:
100 ಹಾಕಿಸಿದಾಗ ಹೊಸ ರೂಟರ್ ಕೊಟ್ಟರಾ?

ನೂರರ ಮೇಲೆ:
ಹೌದು.

ಬಫರಿಂಗ್ ಭೂತ:
ಅಷ್ಟೇ ನೋಡಿ.

ಮಹಡಿ ಮೆಟ್ಟಿಲು:
ಭೂತದವರ ಧಾಟಿ ಸ್ವಲ್ಪ ಖಾರ, ವಿಷಯ ಮಾತ್ರ ನಿಜ. ನಾನು ಈ ಕೆಲಸ ಹತ್ತಾರು ನೆಂಟರ ಮನೆಯಲ್ಲಿ ಮಾಡಿಕೊಟ್ಟಿದ್ದೇನೆ. ಅನುಭವದ ಮಾತು ಹೇಳುತ್ತೇನೆ.

ಫೋನ್ ಹಿಡಿದು ವೇಗ ಅಳೆಯಬೇಡಿ. ಫೋನ್ ನಿಮ್ಮ ಕೈಯಲ್ಲಿರುತ್ತದೆ, ಸ್ಟಿಕ್ ಟಿವಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಟಿವಿ ಒಳಗೆಲ್ಲ ಲೋಹದ ತಗಡು. ಅದು ವೈಫೈ ತಡೆಯುತ್ತದೆ. ಡಬ್ಬದಲ್ಲಿ ಒಂದು ಗೇಣುದ್ದದ ಎಚ್‌ಡಿಎಂಐ ತುಂಡು ಕೊಟ್ಟಿರುತ್ತಾರಲ್ಲ, ಎಲ್ಲರೂ ಅದನ್ನು ಡಬ್ಬದಲ್ಲೇ ಬಿಡುತ್ತಾರೆ. ಅದನ್ನು ಹಾಕಿ ಸ್ಟಿಕ್ಕನ್ನು ಸ್ವಲ್ಪ ಹೊರಗೆ ಇಳಿಬಿಡಿ. ಇಷ್ಟರಿಂದಲೇ ಬಫರಿಂಗ್ ನಿಂತ ಮನೆಗಳನ್ನು ನೋಡಿದ್ದೇನೆ. ವೇಗವನ್ನು ಆ ಸ್ಟಿಕ್‌ನಲ್ಲೇ ಅಳೆಯಿರಿ, ಅದರ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ.

ಆಮೇಲೆ ವೈಫೈನಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು ಇರುತ್ತವೆ. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಆದರೆ ಅಕ್ಕಪಕ್ಕದ ಮನೆಯವರದ್ದೆಲ್ಲ ಅದರಲ್ಲೇ ಇರುತ್ತದೆ, ಬ್ಲೂಟೂತ್ ಅದರಲ್ಲೇ, ಮೈಕ್ರೋವೇವ್ ಒಲೆ ಕೂಡ ಅದರಲ್ಲೇ ಗಲಾಟೆ ಮಾಡುವುದು. 5 ವೇಗ ಜಾಸ್ತಿ, ಗೋಡೆ ಕಂಡರೆ ಸುಸ್ತು. ರೂಟರ್ ಇರುವ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಟಿವಿ ಇದ್ದರೆ 5ಕ್ಕೆ ಹಾಕಿ.

ಎಲ್ಲಕ್ಕಿಂತ ಒಳ್ಳೆಯದು ತಂತಿ. ಸ್ಟಿಕ್‌ಗೆ ಸಿಕ್ಕಿಸುವ ಈಥರ್ನೆಟ್ ಅಡಾಪ್ಟರ್ ಬರುತ್ತದೆ. ಅದರ ಮಿತಿ 100 ಎಂಬಿಪಿಎಸ್ ಇದ್ದರೂ ಚಿಂತೆ ಇಲ್ಲ, ಮೇಲೆ 15ರ ಲೆಕ್ಕ ಕೊಟ್ಟಿದ್ದಾರಲ್ಲ. ಕೇಬಲ್ ಟಿವಿ ತಂತಿ ತೆಗೆಸಿ ಇನ್ನೊಂದು ತಂತಿ ಎಳೆಯುವುದಾ ಅಂತ ನಗಬೇಡಿ. ಒಂದು ಸಲದ ಕಷ್ಟ, ಆಮೇಲೆ ಅದರ ಸುದ್ದಿಯೇ ಇರಲ್ಲ.

ಗೌರಿ ಟೀಚರ್:
ಕರೆಂಟಿನ ವಿಷಯ ಯಾರೂ ಹೇಳಲಿಲ್ಲ. ಸ್ಟಿಕ್ಕಿನ ಯುಎಸ್‌ಬಿ ವೈರನ್ನು ಟಿವಿಯ ಯುಎಸ್‌ಬಿಗೆ ಚುಚ್ಚಬೇಡಿ. ನೋಡಲು ಅಚ್ಚುಕಟ್ಟು, ಆದರೆ ಹಳೇ ಟಿವಿಯ ಯುಎಸ್‌ಬಿ ಕೊಡುವುದು ಅರ್ಧ ಆಂಪಿಯರ್. ಸ್ಟಿಕ್‌ಗೆ ಅದರ ಎರಡರಷ್ಟು ಬೇಕಾಗಬಹುದು. ನಮ್ಮ ಮನೆಯಲ್ಲಿ ಸಿನಿಮಾ ನಡುವೆ ತಾನೇ ಆಫ್ ಆಗಿ ಆನ್ ಆಗುತ್ತಿತ್ತು. ಕೆಟ್ಟಿದೆ ಅಂತ ವಾಪಸ್ ಕಳಿಸಿ ಹೊಸದು ತರಿಸಿದೆ. ಹೊಸದೂ ಹಾಗೇ! ಕೊನೆಗೆ ಡಬ್ಬದಲ್ಲಿದ್ದ ಅಡಾಪ್ಟರ್ ಹಾಕಿದ ಮೇಲೆ ಸರಿಯಾಯಿತು. ಆ ಮೊದಲನೆಯದಕ್ಕೆ ಅನ್ಯಾಯ ಮಾಡಿದೆ ಅಂತ ಈಗಲೂ ಅನ್ನಿಸುತ್ತದೆ.

ಇನ್ನೊಂದು, ಟಿವಿ ಯುಎಸ್‌ಬಿಗೆ ಹಾಕಿದರೆ ಟಿವಿ ಆಫ್ ಆದಾಗ ಸ್ಟಿಕ್ ಕೂಡ ಸಾಯುತ್ತದೆ. ಪ್ರತಿ ಸಲ ಮೊದಲಿಂದ ಏಳಬೇಕು. ನಿಮ್ಮ ಅಮ್ಮ ಅಷ್ಟು ಹೊತ್ತು ಕಾಯುತ್ತಾರಾ?

ಎರಡು ರಿಮೋಟ್:
ಕಾಯಲ್ಲ. ಕೆಂಪು ಗುಂಡಿ ಒತ್ತಿದ ತಕ್ಷಣ ಬರದಿದ್ದರೆ ನನ್ನ ಹೆಸರು ಹಿಡಿದು ಕೂಗುತ್ತಾರೆ.

ಕೈಯಲ್ಲಿ ಫೋನ್:
ನಾನು ಗೂಗಲ್‌ನ ಕ್ರೋಮ್‌ಕಾಸ್ಟ್ ಸ್ಟಿಕ್ ಕಾಲದಿಂದ ಇದ್ದೇನೆ. 2013ರಲ್ಲಿ ಬಂದ ಮೊದಲನೆಯದಕ್ಕೆ ರಿಮೋಟೇ ಇರಲಿಲ್ಲ. ಫೋನಿನಲ್ಲಿ ಆರಿಸಿ ಟಿವಿಗೆ ಕಳಿಸಬೇಕಿತ್ತು. ನನಗೆ ಅದೇ ಇಷ್ಟ. ನಮ್ಮ ತಂದೆಗೆ ಮಾತ್ರ ಅದೊಂದು ಮಾಟ. "ಫೋನ್ ಬಂದರೆ ಟಿವಿ ನಿಲ್ಲುತ್ತದಾ" ಅಂತ ಕೇಳುತ್ತಿದ್ದರು. ರಿಮೋಟ್ ಜೊತೆ ಬಂದಿದ್ದು 2020ರ ಮಾದರಿಯಿಂದ. ಅಮ್ಮನಿಗೆ ರಿಮೋಟ್ ಇರುವುದನ್ನೇ ತೆಗೆದುಕೊಳ್ಳಿ. ರೋಕು, ಫೈರ್ ಟಿವಿ, ಗೂಗಲ್ ಟಿವಿ, ಆ್ಯಪಲ್ ಟಿವಿ ಯಾವುದಾದರೂ ಸರಿ. ನಿಮಗೆ ಬೇಕಾದ ಆ್ಯಪ್ ಅದರಲ್ಲಿ ಇದೆಯಾ ಅಂತ ಕೊಳ್ಳುವ ಮೊದಲು ನೋಡಿಕೊಂಡರೆ ಆಯಿತು.

ಹಾಲ್‌ನ ಸ್ಮಾರ್ಟ್ ಟಿವಿಗೆ ಈಗ ಏನೂ ಕೊಳ್ಳಬೇಡಿ. ಅದರ ಆ್ಯಪ್‌ಗಳು ನಿಧಾನ ಆದಾಗ, ಅಥವಾ ಹೊಸ ಆ್ಯಪ್ ಬರುವುದು ನಿಂತಾಗ ಸ್ಟಿಕ್ ಹಾಕಿ. ಟಿವಿಯ ಗಾಜು ಹತ್ತು ವರ್ಷ ಬರುತ್ತದೆ, ಒಳಗಿನ ಸಾಫ್ಟ್‌ವೇರ್ ಅಷ್ಟು ಬರಲ್ಲ.

ಸ್ಟಿಕ್ಕೂ ಶಾಶ್ವತ ಅಲ್ಲ ಅನ್ನಿ. 2025ರ ಮಾರ್ಚ್‌ನಲ್ಲಿ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಪ್ರಪಂಚದಾದ್ಯಂತ ಒಂದೇ ದಿನ ಕೈಕೊಟ್ಟವು. ಒಳಗಿದ್ದ ಡಿಜಿಟಲ್ ಪ್ರಮಾಣಪತ್ರದ ಹತ್ತು ವರ್ಷದ ಅವಧಿ ಮುಗಿದಿತ್ತು. ಆಮೇಲೆ ಗೂಗಲ್ ಸರಿಪಡಿಸಿತು. ಸೆಟ್‌ಟಾಪ್ ಬಾಕ್ಸ್ ಕೆಟ್ಟರೆ ಕೇಬಲ್‌ನವರು ಬಂದು ಬೇರೆ ಕೊಡುತ್ತಾರೆ. ಇಲ್ಲಿ ನಾವೇ ಕೇಬಲ್‌ನವರು.

ವಾಪಸ್ ಹೋದವನು:
ನಾನು ಕೇಬಲ್ ತೆಗೆಸಿ, ಒಂದು ವರ್ಷ ಆ್ಯಪ್‌ಗಳಲ್ಲಿ ನೋಡಿ, ಮತ್ತೆ ಕೇಬಲ್ ಹಾಕಿಸಿದವನು. ಬೈಯಬೇಡಿ.

ಮೊದಲು ಒಂದು ಆ್ಯಪ್ ಇತ್ತು. ಆಮೇಲೆ ಮ್ಯಾಚ್‌ಗೆ ಇನ್ನೊಂದು. ಹೆಂಡತಿಯ ಸೀರಿಯಲ್‌ಗೆ ಮತ್ತೊಂದು. ಮಕ್ಕಳ ಕಾರ್ಟೂನ್‌ಗೆ ಮಗದೊಂದು. ದುಡ್ಡು ಕೊಟ್ಟ ಮೇಲೂ ಕೆಲವದರಲ್ಲಿ ಜಾಹೀರಾತು. ಜಾಹೀರಾತು ಬೇಡ ಅಂದರೆ ಮೇಲಿನ ಪ್ಯಾಕ್. ವರ್ಷದ ಕೊನೆಗೆ ಕೂಡಿಸಿ ನೋಡಿದರೆ ಕೇಬಲ್‌ಗಿಂತ ಜಾಸ್ತಿ ಆಗಿತ್ತು. ಅದರ ಮೇಲೆ ಇಂಟರ್ನೆಟ್ ಬಿಲ್ ಬೇರೆ. ಒಂದೇ ಕಡೆಯಿಂದ ಕೇಬಲ್, ಇಂಟರ್ನೆಟ್ ಎರಡೂ ತೆಗೆದುಕೊಂಡಿದ್ದೆ, ಕೇಬಲ್ ಬಿಟ್ಟ ತಕ್ಷಣ ಇಂಟರ್ನೆಟ್‌ಗೆ ಇದ್ದ ರಿಯಾಯಿತಿ ಹೋಯಿತು. ಇದನ್ನು ಮೊದಲೇ ಕೇಳಿಕೊಳ್ಳಿ.

ಕೈಯಲ್ಲಿ ಫೋನ್:
ಎಲ್ಲವನ್ನೂ ಒಟ್ಟಿಗೆ ಯಾಕೆ ಇಟ್ಟುಕೊಂಡಿರಿ? ಮ್ಯಾಚ್ ಸರಣಿ ಮುಗಿದ ಮೇಲೆ ಅದನ್ನು ನಿಲ್ಲಿಸಬೇಕು. ಒಂದು ತಿಂಗಳು ಇದು, ಮುಂದಿನ ತಿಂಗಳು ಅದು. ಕೇಬಲ್‌ನಲ್ಲಿ ಆಗದ್ದು ಇದರಲ್ಲಿ ಆಗುವುದೇ ಅದೊಂದು ಅಲ್ವಾ?

ವಾಪಸ್ ಹೋದವನು:
ನೀವು ನಿಲ್ಲಿಸುತ್ತೀರಿ ಸರ್. ನಾನು ಮರೆಯುತ್ತೇನೆ. ಮರೆಯುವವರ ದುಡ್ಡಿನಲ್ಲೇ ಅವರ ವ್ಯಾಪಾರ ನಡೆಯುವುದು.

ಗೌರಿ ಟೀಚರ್:
ಒಪ್ಪಿದೆ. ಸೇರಿದ ದಿನವೇ ಆಟೋ ರಿನ್ಯೂವಲ್ ತೆಗೆದುಬಿಡಿ. ಕೊಟ್ಟ ದುಡ್ಡಿನ ಅವಧಿ ಮುಗಿಯುವ ತನಕ ಸಾಮಾನ್ಯವಾಗಿ ಓಡುತ್ತದೆ. ಬೇಕೆನಿಸಿದರೆ ಮತ್ತೆ ಕಟ್ಟಬಹುದು.

ಮೂರನೇ ಎಚ್‌ಡಿಎಂಐ:
ಡೇಟಾ ಲೆಕ್ಕವನ್ನೂ ಯಾರೂ ತೆಗೆಯಲಿಲ್ಲ. ಅಮ್ಮ ಇಡೀ ದಿನ ಆನ್ ಇಡುತ್ತಾರೆ ಅಂದಿರಿ. ಕೇಬಲ್‌ನಲ್ಲಿ ಇದಕ್ಕೆ ಖರ್ಚಿಲ್ಲ. ಸಿಗ್ನಲ್ ಹೇಗೂ ತಂತಿಯಲ್ಲಿ ಬರುತ್ತಲೇ ಇರುತ್ತದೆ, ನೀವು ನೋಡಿದರೂ ಅಷ್ಟೇ ಬಿಟ್ಟರೂ ಅಷ್ಟೇ. ಇಂಟರ್ನೆಟ್‌ನಲ್ಲಿ ಹಾಗಲ್ಲ. ನಿಮ್ಮ ಒಂದು ಟಿವಿಗಾಗಿ ಒಂದು ಪ್ರತಿ ಬೇರೆ ಹೊರಡುತ್ತದೆ.

5 ಎಂಬಿಪಿಎಸ್ ಅಂದರೆ ಗಂಟೆಗೆ ಎರಡೂಕಾಲು ಜಿಬಿ. ದಿನಕ್ಕೆ ಎಂಟು ಗಂಟೆ ಅಂದರೆ 18 ಜಿಬಿ. ತಿಂಗಳಿಗೆ 540. 15 ಎಂಬಿಪಿಎಸ್‌ನ 4ಕೆ ಆದರೆ ಗಂಟೆಗೇ ಏಳು ಜಿಬಿ ಹತ್ತಿರ. ನಿಮ್ಮ ಇಂಟರ್ನೆಟ್‌ಗೆ ತಿಂಗಳ ಮಿತಿ ಇದೆಯಾ ನೋಡಿ. ಮಿತಿ ಇದ್ದರೆ ಅಮ್ಮನ ಆ್ಯಪ್‌ನಲ್ಲಿ ಗುಣಮಟ್ಟವನ್ನು ಆಟೋ ಬಿಟ್ಟು ಒಂದು ಹಂತ ಕೆಳಗೆ ಇಡಿ. ಹಳೇ ಚಿಕ್ಕ ಟಿವಿಯಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ.

ಮಹಡಿ ಮೆಟ್ಟಿಲು:
ಮ್ಯಾಚ್ ನೋಡುವವರಿದ್ದರೆ ಇನ್ನೊಂದು ಮಾತು ಮೊದಲೇ ಕೇಳಿಸಿಕೊಳ್ಳಿ, ಆಮೇಲೆ ನಮ್ಮನ್ನು ಬೈಯಬೇಡಿ. ಇಂಟರ್ನೆಟ್‌ನಲ್ಲಿ ಲೈವ್ ಅಂದರೆ ಅಷ್ಟೊಂದು ಲೈವ್ ಅಲ್ಲ. ಪಕ್ಕದ ಮನೆಯವರು ಕೇಬಲ್‌ನಲ್ಲಿ ನೋಡಿ ಹೋ ಅಂತ ಕೂಗಿದ ಮೇಲೆ ನಿಮ್ಮ ಟಿವಿಯಲ್ಲಿ ಅದು ಆಗುತ್ತದೆ.

ಕಾರಣ ಸರಳ. ವೀಡಿಯೋ ನೀರಿನ ಹಾಗೆ ಹರಿದು ಬರಲ್ಲ, ತುಂಡು ತುಂಡಾಗಿ ಬರುತ್ತದೆ. ಆ್ಯಪಲ್ ಮಾಡಿದ ಎಚ್‌ಎಲ್‌ಎಸ್ ಅನ್ನುವ ವಿಧಾನ ತುಂಬಾ ಕಡೆ ಬಳಕೆಯಲ್ಲಿದೆ. ಅದರಲ್ಲಿ ಒಂದು ತುಂಡು ಸುಮಾರು 6 ಸೆಕೆಂಡ್ ಇರಲಿ ಅನ್ನುತ್ತಾರೆ. ನಡುವೆ ನಿಲ್ಲಬಾರದು ಅಂತ ಪ್ಲೇಯರ್ ಮೂರು ತುಂಡು ಹಿಂದೆ ನಿಂತು ಶುರು ಮಾಡುತ್ತದೆ. ಅಲ್ಲಿಗೇ 18 ಸೆಕೆಂಡ್. ಆ ತುಂಡುಗಳನ್ನು ತಯಾರು ಮಾಡುವ ಹೊತ್ತು, ಸರ್ವರ್‌ಗೆ ಹಂಚುವ ಹೊತ್ತು ಬೇರೆ. ಅರ್ಧ ನಿಮಿಷ ತಡ ಆದರೆ ನಿಮ್ಮ ಸ್ಟಿಕ್ ತಪ್ಪಲ್ಲ, ರೂಟರ್ ತಪ್ಪೂ ಅಲ್ಲ. ಇದನ್ನು ಕಡಿಮೆ ಮಾಡುವ ಹೊಸ ವಿಧಾನಗಳು ಬಂದಿವೆ, ಎಲ್ಲ ಸೇವೆಗಳಲ್ಲೂ ಇನ್ನೂ ಇಲ್ಲ. ಅಲ್ಲಿಯ ತನಕ ಫೋನಿನ ಸ್ಕೋರ್ ನೋಟಿಫಿಕೇಶನ್ ಆಫ್ ಮಾಡಿ ಕೂತುಕೊಳ್ಳುವುದೇ ಗತಿ.

ಓಡುವ ಆಟಗಾರ ಎಳೆದ ಹಾಗೆ, ತಡವರಿಸಿದ ಹಾಗೆ ಕಂಡರೆ ಅದು ಬೇರೆ ವಿಷಯ. ಪ್ರಸಾರ 50 ಹರ್ಟ್ಸ್‌ನಲ್ಲಿದ್ದು, ಅಂದರೆ ಸೆಕೆಂಡಿಗೆ 50 ಚಿತ್ರ, ಸ್ಟಿಕ್ 60ರಲ್ಲಿ ಹೊರಗೆ ಕೊಡುತ್ತಿದ್ದರೆ ಹಾಗಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟ್ ಹೊಂದಿಸುವ ಆಯ್ಕೆ ಇದ್ದರೆ ಆನ್ ಮಾಡಿ.

ಎರಡು ರಿಮೋಟ್:
ಒಂದು ವಾರ ಆಯಿತು. ಚೀಟಿ ಸಿದ್ಧ.

ಭೂತದವರು ಹೇಳಿದ ಹಾಗೇ ಆಯಿತು. ನಾಲ್ಕೇ ಚಾನೆಲ್! ಬೆಳಿಗ್ಗೆ ಒಂದು ನ್ಯೂಸ್. ಮಧ್ಯಾಹ್ನದಿಂದ ಹಳೇ ಹಾಡಿನ ಚಾನೆಲ್, ಅದು ಸುಮ್ನೆ ಓಡುತ್ತಿರುತ್ತದೆ. ಸಂಜೆ ಎರಡು ಚಾನೆಲ್ ನಡುವೆ ಓಡಾಟ. ಒಂದರಲ್ಲಿ ಜಾಹೀರಾತು ಬಂದರೆ ಇನ್ನೊಂದು. ಎರಡು ಸೀರಿಯಲ್ ಒಟ್ಟಿಗೆ ನೋಡುತ್ತಾರೆ, ಎರಡರ ಕಥೆಯೂ ಬಾಯಿಪಾಠ.

ಈ ನಾಲ್ಕರಲ್ಲಿ ಮೂರು ಆ್ಯಪ್‌ಗಳಲ್ಲಿ ಲೈವ್ ಸಿಗುತ್ತವೆ. ಹಾಡಿನ ಚಾನೆಲ್ ಎಲ್ಲೂ ಇಲ್ಲ. ಇಂಟರ್ನೆಟ್‌ಗೆ ತಿಂಗಳ ಮಿತಿ ಇದೆ, ಆದರೆ ದೊಡ್ಡದು. 540 ಅದರೊಳಗೆ ಬರುತ್ತದೆ. ಸ್ಟಿಕ್ ಆರ್ಡರ್ ಮಾಡಿದೆ. ರಿಮೋಟ್ ಇರುವುದೇ.

ಸುಮ್ನೆ ಓದುಗ:
ಹಾಡಿಗೆ ಯೂಟ್ಯೂಬ್‌ನಲ್ಲಿ ಪ್ಲೇಲಿಸ್ಟ್ ಮಾಡಿಕೊಡಿ. ಗಂಟೆಗಟ್ಟಲೆ ಓಡುತ್ತದೆ.

ಬಫರಿಂಗ್ ಭೂತ:
ಹಾಲ್‌ನ ಕೇಬಲ್ ಈಗಲೇ ತೆಗೆಸಿ. ಅಮ್ಮನದ್ದು ಒಂದು ತಿಂಗಳು ಇರಲಿ. ಎರಡೂ ಒಟ್ಟಿಗೆ ಓಡಲಿ. ಸ್ಟಿಕ್ ಒಂದು ಎಚ್‌ಡಿಎಂಐ, ಬಾಕ್ಸ್ ಇನ್ನೊಂದು. ಹಳೆಯದನ್ನು ಕಿತ್ತು ಹೊಸದು ಕೊಟ್ಟರೆ ಅದು ಹೇರಿದ ಹಾಗೆ. ಪಕ್ಕದಲ್ಲಿಟ್ಟರೆ ಕುತೂಹಲಕ್ಕಾದರೂ ಮುಟ್ಟುತ್ತಾರೆ.

ಎರಡು ರಿಮೋಟ್:
ಇವತ್ತು ಹಾಕಿದೆ. ತೊಂದರೆಗಳ ಸರಮಾಲೆ.

ಚಿತ್ರ ಚೆನ್ನಾಗಿದೆ. ಗೇಣುದ್ದದ ತುಂಡು ಹಾಕಿದೆ, ಅಡಾಪ್ಟರ್ ಹಾಕಿದೆ. ವೇಗ 34 ಬಂತು, ಸಾಕು. ಆದರೆ ಸೀರಿಯಲ್‌ನಲ್ಲಿ ಮಾತು ಕೇಳಿಸಲ್ಲ, ಹಿನ್ನೆಲೆ ಸಂಗೀತ ಮಾತ್ರ ಕಿವಿ ಹರಿಯುತ್ತದೆ. ಅಮ್ಮ ವಾಲ್ಯೂಮ್ ಏರಿಸುವುದು ಇಳಿಸುವುದೇ ಕೆಲಸ ಆಗಿದೆ. ಎರಡನೆಯದು, ಟಿವಿ ಆನ್ ಮಾಡಲು ಒಂದು ರಿಮೋಟ್, ಸ್ಟಿಕ್‌ಗೆ ಇನ್ನೊಂದು. ಬಾಕ್ಸಿಂದೂ ಇದೆ. ನನ್ನ ಹೆಸರನ್ನು ಮೂರು ರಿಮೋಟ್ ಅಂತ ಬದಲಿಸಿಕೊಳ್ಳಬೇಕು.

ಗೌರಿ ಟೀಚರ್:
ಮಾತು ಕೇಳಿಸದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಇದು: ಆರು ಸ್ಪೀಕರ್‌ಗೆ ಅಂತ ಮಾಡಿದ ಶಬ್ದವನ್ನು ಟಿವಿಯ ಎರಡು ಸ್ಪೀಕರ್‌ಗೆ ತುರುಕಿರುತ್ತದೆ. ಮಾತು ಬರುವುದು ನಡುವಿನ ಸ್ಪೀಕರ್‌ಗೆ. ನಿಮ್ಮ ಟಿವಿಯಲ್ಲಿ ನಡುವಿನದ್ದೇ ಇಲ್ಲ. ಸ್ಟಿಕ್‌ನ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಡಾಲ್ಬಿ ಬಿಟ್ಟು ಸ್ಟೀರಿಯೋ ಅಥವಾ ಪಿಸಿಎಂ ಮಾಡಿ. ಟಿವಿಯಲ್ಲಿ ನೈಟ್ ಮೋಡ್ ಅಥವಾ ಮಾತು ಸ್ಪಷ್ಟ ಮಾಡುವ ಆಯ್ಕೆ ಇದ್ದರೆ ಅದನ್ನೂ ಹಾಕಿ.

ಮಹಡಿ ಮೆಟ್ಟಿಲು:
ರಿಮೋಟ್‌ಗೆ ಸಿಇಸಿ. ಎಚ್‌ಡಿಎಂಐ ತಂತಿಯಲ್ಲೇ ಒಂದು ಸಾಧನ ಇನ್ನೊಂದಕ್ಕೆ "ಏಳು, ಮಲಗು" ಅಂತ ಹೇಳುವ ವ್ಯವಸ್ಥೆ ಅದು. ಕಷ್ಟ ಏನೆಂದರೆ ಪ್ರತಿ ಕಂಪನಿ ತನ್ನದೇ ಹೆಸರಿಟ್ಟಿದೆ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರೇವಿಯಾ ಸಿಂಕ್. ಮೆನುವಿನಲ್ಲಿ ಹುಡುಕಿ ಆನ್ ಮಾಡಿ. ಆಮೇಲೆ ಸ್ಟಿಕ್ ರಿಮೋಟ್ ಮುಟ್ಟಿದರೆ ಟಿವಿಯೂ ಏಳಬೇಕು. ಹನ್ನೆರಡು ವರ್ಷದ ಟಿವಿಯಲ್ಲಿ ಇದ್ದೀತು. ಇಲ್ಲದಿದ್ದರೂ ಕೆಲವು ಸ್ಟಿಕ್ ರಿಮೋಟ್‌ಗಳಲ್ಲಿ ಇನ್‌ಫ್ರಾರೆಡ್ ಇರುತ್ತದೆ, ಅದಕ್ಕೆ ಟಿವಿಯ ಪವರ್, ವಾಲ್ಯೂಮ್ ಕಲಿಸಬಹುದು.

ಎರಡು ರಿಮೋಟ್:
ಎರಡೂ ಸರಿಯಾದವು. ಸ್ಟೀರಿಯೋ ಮಾಡಿದ ಮೇಲೆ ಅಮ್ಮ ವಾಲ್ಯೂಮ್ ಮುಟ್ಟಿಲ್ಲ. ಸಿಇಸಿ ಮೆನುವಿನ ಯಾವುದೋ ಮೂಲೆಯಲ್ಲಿತ್ತು.

ಆದರೂ ಅಮ್ಮ ಬಾಕ್ಸನ್ನೇ ಆನ್ ಮಾಡುತ್ತಾರೆ. ಯಾಕೆ ಅಂದರೆ "ಇದು ಏನೇನೋ ಕೇಳುತ್ತದೆ" ಅನ್ನುತ್ತಾರೆ.

ಕೈಯಲ್ಲಿ ಫೋನ್:
ಏನು ಕೇಳುತ್ತದೆ?

ಎರಡು ರಿಮೋಟ್:
ಕೂತು ನೋಡಿದೆ. ಆನ್ ಮಾಡಿದರೆ ಹತ್ತು ಸಿನಿಮಾ ಪೋಸ್ಟರ್. ಆ್ಯಪ್ ಒತ್ತಿದರೆ ಯಾರು ನೋಡುತ್ತಿದ್ದೀರಿ ಅಂತ ಪ್ರಶ್ನೆ. ಅದು ದಾಟಿದರೆ ಮತ್ತೆ ಪೋಸ್ಟರ್. ಲೈವ್ ಎಲ್ಲೋ ಕೆಳಗೆ. ಅದರಲ್ಲಿ ಚಾನೆಲ್ ಹುಡುಕಬೇಕು. ಎರಡು ಗಂಟೆ ಆದ ಮೇಲೆ "ಇನ್ನೂ ನೋಡುತ್ತಿದ್ದೀರಾ" ಅಂತ ಬೇರೆ. ನಿಜ, ಕೇಬಲ್ ಬಾಕ್ಸ್ ಇಷ್ಟು ವರ್ಷದಲ್ಲಿ ಅಮ್ಮನನ್ನು ಒಂದು ಪ್ರಶ್ನೆಯನ್ನೂ ಕೇಳಿಲ್ಲ. ನಿನ್ನೆ ರಾತ್ರಿ ಎಲ್ಲಿ ಬಿಟ್ಟರೋ ಅಲ್ಲೇ ಬೆಳಿಗ್ಗೆ ಶುರು ಆಗುತ್ತಿತ್ತು.

ಗೌರಿ ಟೀಚರ್:
ಇದೇ ನೋಡಿ ವಿಷಯ. ನಾವು ಟಿವಿ ಮುಂದೆ ಕೂತಾಗ ಏನು ನೋಡಬೇಕು ಅಂತ ತಲೆಯಲ್ಲಿ ಇರುತ್ತದೆ. ಅವರಿಗೆ ಇರಲ್ಲ, ಇರಬೇಕಾಗಿಯೂ ಇಲ್ಲ.

ನಾನು ನಮ್ಮ ಅತ್ತೆಗೆ ಮಾಡಿದ್ದು ಹೇಳುತ್ತೇನೆ. ಹೋಮ್‌ನಲ್ಲಿ ಅವರಿಗೆ ಬೇಕಾದ ಎರಡು ಆ್ಯಪ್ ಬಿಟ್ಟು ಉಳಿದದ್ದನ್ನೆಲ್ಲ ತೆಗೆದೆ ಇಲ್ಲವೇ ಹಿಂದಕ್ಕೆ ತಳ್ಳಿದೆ. ತಾನಾಗೇ ಓಡುವ ಟ್ರೇಲರ್ ಆಫ್. ಆ್ಯಪ್‌ನಲ್ಲಿ ಬೇರೆಯವರ ಪ್ರೊಫೈಲ್ ಎಲ್ಲ ಅಳಿಸಿದೆ. ಒಂದೇ ಇದ್ದರೆ ಸಾಮಾನ್ಯವಾಗಿ ಯಾರು ಅಂತ ಕೇಳಲ್ಲ. ಚಾನೆಲ್‌ಗಳನ್ನು ಫೇವರಿಟ್‌ಗೆ ಹಾಕಿದೆ. ಆಮೇಲೆ ಮೈಕ್ ಗುಂಡಿ ತೋರಿಸಿದೆ. ಮೊದಲ ದಿನ ರಿಮೋಟ್ ಜೊತೆ ಮಾತಾಡಲು ನಾಚಿಕೊಂಡರು. ಈಗ ಅದಕ್ಕೆ ಬೈಯುವ ಮಟ್ಟಕ್ಕೆ ಬಂದಿದ್ದಾರೆ.

ವಾಪಸ್ ಹೋದವನು:
ಆ ಮೂರು ಚಾನೆಲ್ ಆಂಟೆನಾದಲ್ಲಿ ಬರುತ್ತವಾ ಅಂತಲೂ ನೋಡಿ. ಎಷ್ಟೋ ದೇಶಗಳಲ್ಲಿ ಡಿಜಿಟಲ್ ಪ್ರಸಾರ ಗಾಳಿಯಲ್ಲೇ ಫ್ರೀ ಇದೆ. ಇಂಟರ್ನೆಟ್ ಹೋದ ದಿನ ಸ್ಟಿಕ್ ಬರೀ ಕೀಚೈನ್.

ಮೂರನೇ ಎಚ್‌ಡಿಎಂಐ:
ಇಂಟರ್ನೆಟ್ ಹೋದ ದಿನಕ್ಕೆ ನನ್ನ ಉಪಾಯ ಬೇರೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಜೆಲ್ಲಿಫಿನ್ (ನಮ್ಮ ವೀಡಿಯೋ, ಹಾಡುಗಳನ್ನು ಮನೆಯ ಟಿವಿಗೆ ಕಳಿಸುವ ಸಾಫ್ಟ್‌ವೇರ್) ಹಾಕಿ, ನಮ್ಮದೇ ಮದುವೆ ವೀಡಿಯೋ, ಮಕ್ಕಳ ವೀಡಿಯೋ, ಸಿಡಿಯಿಂದ ತೆಗೆದ ಹಾಡು ಎಲ್ಲ ಇಟ್ಟಿದ್ದೇನೆ. ಮನೆಯೊಳಗಿನ ವೈಫೈ ಇದ್ದರೆ ಸಾಕು, ಹೊರಗಿನ ಲೈನ್ ಬೇಕಿಲ್ಲ. ಅಮ್ಮನ ಬಳಿ ಹಳೇ ಹಾಡಿನ ಸಿಡಿಗಳಿದ್ದರೆ ನೋಡಿ.

ಹಾಲ್‌ನ ಸ್ಮಾರ್ಟ್ ಟಿವಿಯಲ್ಲಿ ಇನ್ನೊಂದು ಕೆಲಸ ಮಾಡಿ. ನೀವು ಏನು ನೋಡುತ್ತೀರಿ ಅಂತ ಟಿವಿ ತೆರೆಯಿಂದಲೇ ಗುರುತು ಹಿಡಿದು ಕಳಿಸುವ ವ್ಯವಸ್ಥೆ ಇರುತ್ತದೆ, ಎಸಿಆರ್ ಅಂತಾರೆ. ಎಚ್‌ಡಿಎಂಐಗೆ ಹಾಕಿದ ಸಾಧನದ ಚಿತ್ರವನ್ನೂ ಅದು ಗುರುತಿಸಬಲ್ಲದು. ಅಮೆರಿಕದಲ್ಲಿ ವಿಜಿಯೋ ಕಂಪನಿ ಕೇಳದೆ ಹೀಗೆ ಮಾಡಿದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಸ್ಯಾಮ್‌ಸಂಗ್‌ನಲ್ಲಿ ವ್ಯೂಯಿಂಗ್ ಇನ್ಫರ್ಮೇಶನ್, ಎಲ್‌ಜಿಯಲ್ಲಿ ಲೈವ್ ಪ್ಲಸ್ ಅಂತ ಇರುತ್ತದೆ. ಆಫ್ ಮಾಡಿದರೆ ಟಿವಿಗೆ ಏನೂ ನಷ್ಟ ಇಲ್ಲ.

ಎರಡು ರಿಮೋಟ್:
ಸುಮಾರು ಆರು ವಾರ ಆಯಿತು, ಹೇಳಿಬಿಡೋಣ ಅಂತ ಬಂದೆ.

ಟೀಚರ್ ಹೇಳಿದ್ದೆಲ್ಲ ಮಾಡಿದೆ. ಹೋಮ್‌ನಲ್ಲಿ ಮೂರೇ ಚೌಕ. ಅಮ್ಮ ಮೈಕ್ ಒತ್ತಿ ಸೀರಿಯಲ್ ಹೆಸರು ಹೇಳುತ್ತಾರೆ. ತಪ್ಪಿಸಿಕೊಂಡ ಕಂತು ಆಮೇಲೆ ನೋಡಬಹುದು ಅಂತ ಗೊತ್ತಾದ ದಿನ ಆಟ ಬದಲಾಯಿತು. ಈಗ ಎರಡು ಸೀರಿಯಲ್ ನಡುವೆ ಓಡಾಟ ಇಲ್ಲ. ಒಂದು ಮುಗಿಸಿ ಇನ್ನೊಂದು. "ಇಷ್ಟು ವರ್ಷ ಅರ್ಧರ್ಧ ನೋಡಿದೆ" ಅಂತ ಬೇಜಾರು ಮಾಡಿಕೊಂಡರು.

ಹಾಡು ಮಾತ್ರ ಪೂರ್ತಿ ಸರಿಹೋಗಲಿಲ್ಲ. ಪ್ಲೇಲಿಸ್ಟ್ ಮಾಡಿಕೊಟ್ಟೆ. ನಾಲ್ಕು ದಿನಕ್ಕೆ ಬೇಡ ಅಂದರು. "ಮುಂದೆ ಯಾವ ಹಾಡು ಅಂತ ಗೊತ್ತಾಗಿಬಿಡುತ್ತದೆ, ಕಾಯೋದೇ ಇಲ್ಲ" ಅಂದರು. ಶಫಲ್ ಹಾಕಿ, ಮಗಳು ಇನ್ನೂ ಇನ್ನೂರು ಹಾಡು ಸೇರಿಸಿದಳು. ಪರವಾಗಿಲ್ಲ ಅನ್ನುತ್ತಾರೆ. ಚೆನ್ನಾಗಿದೆ ಅಂತ ಇನ್ನೂ ಅಂದಿಲ್ಲ.

ಕೇಬಲ್ ಹೋದ ವಾರ ತೆಗೆಸಿದೆವು. ಬಾಕ್ಸ್ ವಾಪಸ್ ಕೊಟ್ಟು ಬಂದೆ. ಅವತ್ತು ರಾತ್ರಿ ಎರಡು ಗಂಟೆಗೆ ಅಮ್ಮ ಕೂಗಿದರು. ಓಡಿ ಹೋದೆ. "ಟೈಮ್ ಎಷ್ಟಾಯ್ತೋ?" ಅಂದರು. ಬಾಕ್ಸ್ ಮುಂದೆ ಕೆಂಪು ಅಕ್ಷರದಲ್ಲಿ ಗಂಟೆ ಉರಿಯುತ್ತಿತ್ತಲ್ಲ, ಇಷ್ಟು ವರ್ಷ ರಾತ್ರಿ ಎದ್ದಾಗ ಅದನ್ನೇ ನೋಡುತ್ತಿದ್ದರಂತೆ. ಚೀಟಿಯಲ್ಲಿ ಅದೊಂದು ಬರೆದಿರಲೇ ಇಲ್ಲ.

ಸುಮ್ನೆ ಓದುಗ:
ಸ್ಟಿಕ್‌ನ ಸ್ಕ್ರೀನ್ ಸೇವರ್‌ನಲ್ಲಿ ಗಡಿಯಾರ ಬರುತ್ತದೆ, ಸೆಟ್ಟಿಂಗ್ ನೋಡಿ.

ಎರಡು ರಿಮೋಟ್:
ಹೇಳಿದೆ. "ಟೈಮ್ ನೋಡೋಕೆ ಟಿವಿ ಹಾಕಬೇಕಾ?" ಅಂದರು. ಗಡಿಯಾರ ತರಲು ಹೊರಟಿದ್ದೇನೆ. ಕೆಂಪು ಅಕ್ಷರದ್ದೇ ಬೇಕಂತೆ.